ಕೀಲು ಹಿಡಿದ ದಿನ ರಜೆ ಹಾಕುವುದು ತಪ್ಪೇ?

ಪ್ರಶ್ನೆ: ನನಗೆ 36 ವರ್ಷ. ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ನಾಲ್ಕು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಬಳ 18,000 ರೂಪಾಯಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತದೆ. ಎರಡು ವರ್ಷದ ಹಿಂದೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ ಎಂದು ಗೊತ್ತಾಯಿತು. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಕೆಲವು ದಿನ ಬೆಳಿಗ್ಗೆ ಬೆರಳು ಮಡಚಲಿಕ್ಕೇ ಬರುವುದಿಲ್ಲ. ಆದರೂ ರಜೆ ಕೇಳಲು ಹೆದರಿ ಗುಳಿಗೆ ನುಂಗಿ ಹೋಗುತ್ತೇನೆ. ಹೀಗೆ ತಳ್ಳಿ ತಳ್ಳಿ ಕೊನೆಗೆ ಒಮ್ಮೆಲೇ ಏಳೆಂಟು ದಿನ ಹಾಸಿಗೆ ಹಿಡಿಯುತ್ತೇನೆ. ಮಾಲಕರು "ನಿನ್ನಿ ಚಲೋ ಇದ್ದಿ, ಇವತ್ತೇನಾತು?" ಅನ್ನುತ್ತಾರೆ. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಹೇಳಿದ್ದಾರೆ. ಎರಡು ಸಲ ಅತ್ತೆಗೆ ಆರಾಮಿಲ್ಲ ಎಂದು ಸುಳ್ಳು ಹೇಳಿ ರಜೆ ಹಾಕಿದೆ. ಯಾವಾಗ ರಜೆ ಹಾಕಬೇಕು? ಏನಂತ ಹೇಳಬೇಕು? ಕೆಲಸ ಹೋಗುತ್ತದೆಯೇ, ಅಥವಾ ನಾನೇ ಬಿಟ್ಟುಬಿಡಲೇ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಓದಿದಾಗ ನನಗೆ ಕಂಡದ್ದು ಇಷ್ಟು. ನೀವು ಹೆಚ್ಚು ರಜೆ ಹಾಕುತ್ತಿಲ್ಲ, ತಡವಾಗಿ ಹಾಕುತ್ತಿದ್ದೀರಿ. ಒಂದು ದಿನ ಕುಳಿತಿದ್ದರೆ ಮುಗಿಯುತ್ತಿದ್ದ ನೋವನ್ನು ವಾರಗಟ್ಟಲೆ ಎಳೆದು, ಮೈ ಪೂರ್ತಿ ಸೋತ ಮೇಲೆ ಮಲಗುತ್ತಿದ್ದೀರಿ. ಮಾಲಕರ ಕಣ್ಣಿಗೆ ಬೀಳುವುದು ಆ ಎಂಟು ದಿನ ಮಾತ್ರ. ಅದಕ್ಕೂ ಮುಂಚಿನ ಇಪ್ಪತ್ತು ದಿನ ನೀವು ಹಲ್ಲು ಕಚ್ಚಿ ಕೂತಿದ್ದು ಅವರಿಗೆ ಗೊತ್ತೇ ಇಲ್ಲ. ಹಾಗಾಗಿ ನಷ್ಟ ನಿಮ್ಮ ದೇಹಕ್ಕೂ ಆಗುತ್ತಿದೆ, ಹೆಸರಿಗೂ ಆಗುತ್ತಿದೆ.

ಮೊದಲು ಆ "ನಿನ್ನಿ ಚಲೋ ಇದ್ದಿ" ಎಂಬ ಮಾತು. ಅದನ್ನು ಕೇಳಿದಾಗ ನಿಮಗೇ ನಿಮ್ಮ ಮೇಲೆ ಅನುಮಾನ ಬಂದಿರಬಹುದು. ಬರಬೇಕಾಗಿಲ್ಲ. ಈ ಕಾಯಿಲೆಯ ಸ್ವಭಾವವೇ ಅದು. ನಮ್ಮನ್ನು ರೋಗಾಣುಗಳಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆಯೇ ದಾಳಿ ಮಾಡುತ್ತದೆ. ಪೊರೆ ಊದಿಕೊಳ್ಳುತ್ತದೆ, ಕೀಲಿನಲ್ಲಿ ನೀರು ತುಂಬುತ್ತದೆ. ರಾತ್ರಿ ಅಲುಗಾಡದೆ ಮಲಗಿರುವುದರಿಂದ ಬೆಳಿಗ್ಗೆ ಬಿಗಿತ ಎಲ್ಲಕ್ಕಿಂತ ಜೋರಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಡಿಲಾಗುತ್ತದೆ, ಆಗ ನೋಡಿದವರಿಗೆ ನೀವು ನೆಟ್ಟಗೇ ಕಾಣುತ್ತೀರಿ. ಉರಿಯೂತ ಒಂದು ವಾರ ತಣ್ಣಗಿದ್ದು ಇನ್ನೊಂದು ವಾರ ಕೆರಳುತ್ತದೆ. ವಯಸ್ಸಾದವರ ಮೊಣಕಾಲು ಸವೆತಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. "ಈ ವಯಸ್ಸಿಗೇ ವಾತ ಏನು?" ಎಂದು ಕೇಳುವವರಿಗೆ ಇದೇ ವಯಸ್ಸಿಗೆ ಬರುವ ಕಾಯಿಲೆ ಇದು ಎಂದು ಹೇಳಿಬಿಡಿ.

ಇನ್ನು ಯಾವ ದಿನ ರಜೆ, ಯಾವ ದಿನ ಕೆಲಸ. ನೋವಿದ್ದ ದಿನವೆಲ್ಲ ರಜೆ ಹಾಕುವುದಕ್ಕಾಗುವುದಿಲ್ಲ, ಹಾಕಲೂಬಾರದು. ಕೀಲುಗಳಿಗೆ ಚಲನೆ ಬೇಕು, ಕೆಲಸ ಮನಸ್ಸಿಗೂ ಒಳ್ಳೆಯದು. ಬೆಳಿಗ್ಗೆ ಎದ್ದಾಗ ಎರಡು ಸಂಗತಿ ನೋಡಿಕೊಳ್ಳಿ. ಒಂದು, ಬಿಗಿತ ಎಷ್ಟು ಹೊತ್ತು ಇತ್ತು. ಅರ್ಧ ಗಂಟೆಯಲ್ಲಿ, ಬಿಸಿ ನೀರಲ್ಲಿ ಕೈ ಅದ್ದಿದ ಮೇಲೆ ಸಡಿಲಾಯಿತೆಂದರೆ ಹೋಗಬಹುದು. ಎರಡು ಗಂಟೆ ಕಳೆದರೂ ಮುಷ್ಟಿ ಕಟ್ಟಲು ಬರದಿದ್ದರೆ ಅದು ಬೇರೆ ದಿನ. ಇನ್ನೊಂದು, ಕೈಯಿಂದ ಆಗುವ ದಿನನಿತ್ಯದ ಕೆಲಸ. ಸೀರೆಗೆ ಪಿನ್ ಹಾಕಿಕೊಳ್ಳಲು, ನೀರಿನ ತಂಬಿಗೆ ಎತ್ತಲು, ನಲ್ಲಿ ತಿರುವಲು ಬರುತ್ತದೆಯೇ? ಇವು ಆಗದ ಕೈ ಕೀಬೋರ್ಡಿನ ಮೇಲೆ ಎಂಟು ಗಂಟೆ ಓಡಲಾರದು. ಓಡಿಸಿದರೆ ಸಂಜೆಗೆ ಮಣಿಕಟ್ಟು ಊದಿಕೊಂಡು, ಮರುದಿನ ಇನ್ನೂ ಕೆಟ್ಟದಾಗಿ ಏಳುತ್ತೀರಿ. ಅಂಥ ಬೆಳಿಗ್ಗೆ ಸತತ ಎರಡು ದಿನ ಬಂತೆಂದರೆ ಮೂರನೆಯ ದಿನಕ್ಕೆ ಕಾಯಬೇಡಿ, ಆಗಲೇ ರಜೆ ಹಾಕಿ. ಕೆರಳುವಿಕೆಯ ಆರಂಭದಲ್ಲಿ ಒಂದೆರಡು ದಿನ ಊದಿದ ಕೀಲಿಗೆ ವಿರಾಮ ಕೊಟ್ಟು, ವೈದ್ಯರನ್ನು ಕೇಳಿ ಔಷಧಿ ಸರಿಪಡಿಸಿಕೊಂಡವರು ಬೇಗ ಕೆಲಸಕ್ಕೆ ಮರಳಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ತಳ್ಳಿಕೊಂಡು ಹೋದವರೇ ಹಾಸಿಗೆ ಹಿಡಿಯುತ್ತಾರೆ.

ನಡುವಿನ ದಿನಗಳೂ ಇರುತ್ತವೆ. ಪೂರ್ತಿ ರಜೆ ಬೇಡ, ಆದರೆ ಹತ್ತು ಗಂಟೆಗೆ ಕೂರಲು ಆಗದು, ಹನ್ನೆರಡಕ್ಕಾದರೆ ಆದೀತು. ಇಂಥ ದಿನಕ್ಕಾಗಿ ತಡವಾಗಿ ಬರುವ ಅನುಮತಿ ಕೇಳಿ. ರಾತ್ರಿ ಒಂದು ಗಂಟೆ ಹೆಚ್ಚು ಕೂತು ಸರಿದೂಗಿಸುತ್ತೇನೆ ಎನ್ನಿ. ಇದೇನೂ ನಮ್ಮೂರಿಗೆ ಹೊಸ ಮಾತಲ್ಲ. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ತಡೆಯಲಾಗದೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮನುಷ್ಯರ ಮೈ ತಡೆಯುವಷ್ಟನ್ನು ನೋಡಿ ಹೊತ್ತನ್ನು ಹೊಂದಿಸಿಕೊಳ್ಳುವುದು ನಮಗೆ ಗೊತ್ತಿರುವ ಕ್ರಮ. ಊರಿಗೆಲ್ಲ ಹಾಗೆ ಮಾಡಬಹುದಾದರೆ ಒಬ್ಬ ಉದ್ಯೋಗಿಗೂ ಮಾಡಬಹುದು.

ಈಗ ನೀವು ಕೇಳದಿದ್ದ, ಆದರೆ ನಾನು ಹೇಳಲೇಬೇಕಾದ ಸಂಗತಿ. ರಜೆ ಹಾಕಿದ ದಿನ ಮನೆಯಲ್ಲಿ ಏನು ಮಾಡುತ್ತೀರಿ? ನನ್ನ ಬಳಿ ಬರುವ ಹೆಣ್ಣುಮಕ್ಕಳನ್ನು ಕೇಳಿದರೆ ಸಿಗುವ ಉತ್ತರ ಹೆಚ್ಚು ಕಡಿಮೆ ಒಂದೇ. "ಹೆಂಗೂ ಮನ್ಯಾಗ ಅದಾಳ" ಎಂದು ಒಗೆಯುವ ಬಟ್ಟೆ, ಉಳಿದ ಕಸಮುಸುರೆ, ಮಕ್ಕಳ ಶಾಲೆಯ ಕೆಲಸ ಎಲ್ಲ ಆ ದಿನಕ್ಕೇ ಬೀಳುತ್ತದೆ. ಮೇಲಾಗಿ ರೊಟ್ಟಿ. ಜೋಳದ ಹಿಟ್ಟನ್ನು ಬಿಸಿ ನೀರು ಹಾಕಿ ನಾದುವುದಕ್ಕೆ ಅಂಗೈ, ಮಣಿಕಟ್ಟು ಎರಡರ ಬಲವೂ ಬೇಕು. ಬಡಿಯುವಾಗ ಪ್ರತಿ ಪೆಟ್ಟೂ ಬೆರಳಿನ ಬುಡದ ಕೀಲಿಗೇ ತಾಗುತ್ತದೆ. ರುಮಟಾಯ್ಡ್ ಕಾಯಿಲೆ ಮೊದಲು ಹಿಡಿಯುವುದೂ ಅವೇ ಕೀಲುಗಳನ್ನು. ಅಂಗಡಿಯಲ್ಲಿ ಕುಳಿತು ಬಿಲ್ಲು ನಮೂದಿಸುವುದಕ್ಕಿಂತ ಮನೆಯಲ್ಲಿ ಇಪ್ಪತ್ತು ರೊಟ್ಟಿ ಬಡಿಯುವುದು ನಿಮ್ಮ ಕೈಗೆ ಹೆಚ್ಚು ಕಷ್ಟ. ಸಂಬಳ ಕಳೆದುಕೊಂಡು ಮನೆಯಲ್ಲಿ ಉಳಿದು ರೊಟ್ಟಿ ಬಡಿದರೆ ರಜೆ ಪೂರ್ತಿ ವ್ಯರ್ಥ.

ಮನೆಯವರನ್ನು ಕೂಡಿಸಿಕೊಂಡು ಇದನ್ನು ಬಿಡಿಸಿ ಹೇಳಿ. ಗಂಡನನ್ನು ಒಮ್ಮೆ ಆಸ್ಪತ್ರೆಗೆ ಜೊತೆಯಲ್ಲಿ ಕರೆದುಕೊಂಡು ಬನ್ನಿ, ವೈದ್ಯರ ಬಾಯಿಂದಲೇ ಕೇಳಲಿ. ಕಲಬುರಗಿಯಲ್ಲಿ ಓಣಿಗೊಂದರಂತೆ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಖಡಕ್ ರೊಟ್ಟಿ ತಂದಿಟ್ಟರೆ ದಿನಗಟ್ಟಲೆ ಕೆಡುವುದಿಲ್ಲ. ಅನ್ನ, ಬ್ಯಾಳಿ ಕುಕ್ಕರಿನಲ್ಲಿ ಯಾರು ಬೇಕಾದರೂ ಇಡಬಹುದು. ರಜೆಯ ದಿನ ಹಾಸಿಗೆಗೇ ಅಂಟಿಕೊಂಡಿರಿ ಎಂದೂ ನಾನು ಹೇಳುವುದಿಲ್ಲ. ಪೂರ್ತಿ ಮಲಗಿದರೆ ಸ್ನಾಯು ಸೊರಗುತ್ತದೆ, ಕೀಲು ಇನ್ನಷ್ಟು ಬಿಗಿಯುತ್ತದೆ. ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಅಡ್ಡಾಡಿ, ಬೆರಳುಗಳನ್ನು ಬಿಸಿ ನೀರಲ್ಲಿ ಮೆಲ್ಲಗೆ ಮಡಚಿ ಬಿಡಿಸಿ. ಭಾರ ಎತ್ತುವುದು, ಹಿಂಡುವುದು, ಬಡಿಯುವುದು, ಉಜ್ಜುವುದು ಮಾತ್ರ ಬೇಡ.

ಗುಳಿಗೆಯ ದಿನವನ್ನು ಜಾಣತನದಿಂದ ಆರಿಸಿದರೂ ರಜೆ ಉಳಿಯುತ್ತದೆ. ಮೆಥೋಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ, ಮೈ ಭಾರವೆನಿಸುತ್ತದೆ. ಅಂಥವರು ವಾರದ ರಜೆಯ ಹಿಂದಿನ ರಾತ್ರಿ ಗುಳಿಗೆ ತೆಗೆದುಕೊಂಡರೆ ಆ ಸುಸ್ತು ರಜೆಯಲ್ಲೇ ಕಳೆಯುತ್ತದೆ. ನೀವು ಈಗ ವಾರದ ನಡುವೆ ತೆಗೆದುಕೊಳ್ಳುತ್ತಿದ್ದರೆ ದಿನ ಬದಲಿಸುವುದು ಹೇಗೆಂದು ನಿಮ್ಮ ವೈದ್ಯರನ್ನು ಕೇಳಿ. ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಇದು ವಾರಕ್ಕೆ ಒಂದೇ ದಿನದ ಔಷಧಿ. ಮರೆವಿನಿಂದ ದಿನವೂ ನುಂಗಿದರೆ ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯಲ್ಲಿ ಇನ್ನೊಬ್ಬರಿಗೂ ಆ ದಿನ ಗೊತ್ತಿರಲಿ. ಇನ್ನೊಂದು ಮಗು ಬೇಕೆಂಬ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ಹೇಳಿ, ಗರ್ಭಿಣಿಯರು ಈ ಔಷಧಿ ತೆಗೆದುಕೊಳ್ಳುವಂತಿಲ್ಲ.

ರಕ್ತಕಣ, ಲಿವರ್ ಪರೀಕ್ಷೆಗಳು ಒಂದರಿಂದ ಮೂರು ತಿಂಗಳಿಗೊಮ್ಮೆ ಆಗಲೇಬೇಕು. ರಕ್ತವನ್ನು ಊರಿನಲ್ಲೇ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಕೊಟ್ಟುಬಿಡಿ, ಅದಕ್ಕೆ ರಜೆ ಬೇಡ. ಕೀಲು ತಜ್ಞರನ್ನು ಕಾಣಲು ನಮ್ಮ ಭಾಗದ ಅನೇಕರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ರೈಲು ಹತ್ತುತ್ತಾರೆ. ನೀವೂ ಹಾಗೆ ಹೋಗುವವರಾದರೆ ವರದಿಯನ್ನು ಕೈಯಲ್ಲಿ ಹಿಡಿದೇ ಹೋಗಿ. ಪರೀಕ್ಷೆಗೊಂದು ದಿನ, ವರದಿ ತೋರಿಸಲು ಇನ್ನೊಂದು ದಿನ ಎಂದು ಎರಡೆರಡು ರಜೆ ಕಳೆದುಕೊಳ್ಳಬೇಡಿ. ಈ ಭೇಟಿಯ ದಿನಾಂಕ ತಿಂಗಳ ಮುಂಚೆಯೇ ಗೊತ್ತಿರುತ್ತದಲ್ಲ, ಅದನ್ನು ಅಂದೇ ಮಾಲಕರಿಗೆ ತಿಳಿಸಿಬಿಡಿ. ಮುಂಚಿತವಾಗಿ ಹೇಳಿದ ರಜೆಗೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ.

ವೈದ್ಯಳಾಗಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು: ನೀವು ಹಾಕುವ ರಜೆಗಳೇ ನಿಮ್ಮ ಕಾಯಿಲೆಯ ಒಂದು ಲಕ್ಷಣ. ಜ್ವರ ಎಷ್ಟಿದೆ ಎಂದು ವೈದ್ಯರು ಕೇಳುವಂತೆ, ಈ ತಿಂಗಳು ಎಷ್ಟು ದಿನ ಕೆಲಸಕ್ಕೆ ಹೋಗಲಾಗಲಿಲ್ಲ ಎಂದೂ ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ, ಬಿಗಿತ ಎಷ್ಟು ಹೊತ್ತು, ಯಾವ ಕೀಲು ಊದಿತ್ತು, ಅಂಗಡಿಗೆ ಹೋದಿರೋ ಇಲ್ಲವೋ, ಹೋದರೂ ಕೆಲಸ ನೆಟ್ಟಗಾಯಿತೋ, ಇಷ್ಟನ್ನು ಬರೆದಿಡಿ. ಔಷಧಿ ಸರಿಯಾಗಿ ಹಿಡಿದಿದ್ದರೆ ರಜೆಯ ದಿನಗಳು ತಿಂಗಳು ತಿಂಗಳಿಗೆ ಕಡಿಮೆಯಾಗಬೇಕು. ಮೆಥೋಟ್ರೆಕ್ಸೇಟ್ ಪರಿಣಾಮ ತೋರಿಸಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕು. ನಿಮಗೆ ಎರಡು ವರ್ಷವೇ ಆಗಿದೆ, ಇನ್ನೂ ಆಗಾಗ ಏಳೆಂಟು ದಿನ ಹಾಸಿಗೆ ಹಿಡಿಯುತ್ತೀರಿ ಎಂದರೆ ಚಿಕಿತ್ಸೆ ಸಾಲುತ್ತಿಲ್ಲ ಎಂದೇ ಅರ್ಥ. ಪ್ರಮಾಣ ಹೆಚ್ಚಿಸುವುದು, ಗುಳಿಗೆಯ ಬದಲು ಇಂಜೆಕ್ಷನ್, ಇನ್ನೊಂದು ಔಷಧಿ ಜೊತೆಗೂಡಿಸುವುದು, ಹೀಗೆ ದಾರಿಗಳಿವೆ. "ಇದು ಇಷ್ಟೇ, ಸಹಿಸಿಕೊಳ್ಳಬೇಕು" ಎಂದು ನೀವೇ ತೀರ್ಮಾನಿಸಿಕೊಂಡು ಕೂರಬೇಡಿ. ಉರಿಯೂತ ಹತೋಟಿಗೆ ಬಾರದೆ ವರ್ಷಗಟ್ಟಲೆ ಉಳಿದರೆ ಕೀಲಿನ ಮೂಳೆ ಸವೆದು ಬೆರಳು ಸೊಟ್ಟಗಾಗುತ್ತವೆ. ಹಾಗೆ ಸೊಟ್ಟಗಾದದ್ದನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡುವುದಿಲ್ಲ.

ರಜೆ ತಪ್ಪಿಸಲೆಂದು ಓಣಿಯ ಡಾಕ್ಟರ ಬಳಿ "ಒಂದು ಸೂಜಿ ಮಾಡ್ರಿ, ಅಂಗಡಿಗೆ ಹೋಗ್ಬೇಕು" ಎನ್ನುವ ರೂಢಿ ನಮ್ಮಲ್ಲಿ ಬಹಳ. ಆ ಸೂಜಿ ಅನೇಕ ಸಲ ಸ್ಟಿರಾಯ್ಡ್ ಆಗಿರುತ್ತದೆ. ಮಧ್ಯಾಹ್ನದೊಳಗೆ ನೋವು ಮಾಯ. ಪದೇ ಪದೇ ಹಾಕಿಸಿಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ತಜ್ಞರೇ ಕೆಲವು ವಾರ ಸ್ಟಿರಾಯ್ಡ್ ಗುಳಿಗೆ ಬರೆದುಕೊಟ್ಟಿದ್ದರೆ ಅದು ಬೇರೆ ಮಾತು, ಅದನ್ನು ತಟ್ಟನೆ ನಿಲ್ಲಿಸಲೂಬಾರದು. ಮೆಡಿಕಲ್ ಅಂಗಡಿಯಿಂದ ನೇರವಾಗಿ ತರುವ ನೋವಿನ ಗುಳಿಗೆಗಳ ಬಗ್ಗೆಯೂ ಎಚ್ಚರ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ಈ ಗುಳಿಗೆ ನುಂಗಿದರೆ ಕಿಡ್ನಿಗೆ ಪೆಟ್ಟು, ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಒಂದು ದಿನದ ಸಂಬಳ ಉಳಿಸಲು ಕಿಡ್ನಿ ಒತ್ತೆಯಿಡಬೇಡಿ.

ಮಾಲಕರಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಸುಳ್ಳು ಹೇಳಬೇಡಿ ಎನ್ನುತ್ತೇನೆ. ಹೇಳಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ, ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಅತ್ತೆಯ ಹೆಸರಿನಲ್ಲಿ ಹಾಕಿದ ರಜೆ ನಿಮ್ಮ ಕಾಯಿಲೆಯ ದಾಖಲೆಯಲ್ಲಿ ಬರುವುದಿಲ್ಲ. ನಾಳೆ ಕೆಲಸದ ಪ್ರಶ್ನೆ ಬಂದರೆ ಅದು ಮನೆವಾರ್ತೆಗಾಗಿ ಹಾಕಿದ ರಜೆ ಎಂದೇ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ಕಾಯಿಲೆಯ ಪೂರ್ತಿ ಕಥೆಯನ್ನು ಅಂಗಡಿಯಲ್ಲಿ ಎಲ್ಲರ ಮುಂದೆ ಬಿಚ್ಚಿಡಬೇಕೆಂದೇನಿಲ್ಲ. ಮಾಲಕರಿಗೆ, ನಿಮ್ಮ ಮೇಲಿನ ಮ್ಯಾನೇಜರಿಗೆ ಗೊತ್ತಿದ್ದರೆ ಸಾಕು.

ಕೆರಳಿದ ದಿನ ಈ ಮಾತು ಆಡಬೇಡಿ. ಮೈ ನೆಟ್ಟಗಿರುವ ದಿನ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಕೂತು ಹೇಳಿ. ಹೀಗೆ ಹೇಳಬಹುದು: "ಸಾಹುಕಾರ್ರೇ, ನನಗ ಕೀಲಿನ ಕಾಯಿಲೆ ಅದ. ಪೂರ್ತಿ ಹೋಗೂದಿಲ್ಲ, ಗುಳಿಗಿಂದ ಹತೋಟಿಗೆ ಬರ್ತದ. ಯಾವಾಗಾದ್ರೂ ಒಮ್ಮೆ ಕೈ ಪೂರ್ತಿ ಹಿಡಕೋತಾವ, ಆವಾಗ ಒಂದೆರಡು ದಿನ ಬರ್ಲಕ್ ಆಗಲ್ಲ. ಮುಂಜಾನೆ ಎಂಟರೊಳಗೇ ತಿಳಸ್ತೀನಿ. ನಂದು ಕೆಲಸ ನಿಲ್ಲಬಾರದಂತ ಹೆಂಗ ಮಾಡ್ಬೇಕು ಅಂತ ಬರದು ಇಟ್ಟೀನಿ." ಕೊನೆಯ ವಾಕ್ಯದಲ್ಲಿ ನಿಮ್ಮ ಬಲವಿದೆ. ಮಾಲಕರಿಗೂ ಅವರದೇ ಚಿಂತೆಗಳಿರುತ್ತವೆ. ಲೆಕ್ಕ ನೋಡುವವರು ನೀವೊಬ್ಬರೇ ಆಗಿದ್ದು, ತಿಂಗಳ 11ರೊಳಗೆ ಜಿಎಸ್‌ಟಿಯ ಮಾರಾಟದ ವಿವರ, 20ರೊಳಗೆ ತೆರಿಗೆಯ ರಿಟರ್ನ್ ಹೋಗಬೇಕಾದಾಗ ನೀವು 18ಕ್ಕೆ ಮಲಗಿದರೆ ಅವರಿಗೆ ದಂಡ ಬೀಳುತ್ತದೆ. ಹಾಗಾಗಿ ಆ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ನಾಲ್ಕು ದಿನ ಮೊದಲೇ ಮುಗಿಸುವ ರೂಢಿ ಮಾಡಿಕೊಳ್ಳಿ. ಬಿಲ್ಲಿನ ಫೈಲು ಎಲ್ಲಿದೆ, ಯಾವ ವ್ಯಾಪಾರಿಗೆ ಯಾವಾಗ ಹಣ ಕೊಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಒಬ್ಬ ಸಹೋದ್ಯೋಗಿಗೆ ತೋರಿಸಿಡಿ. ದಸರಾ, ದೀಪಾವಳಿ, ಮದುವೆ ಹಂಗಾಮಿನಲ್ಲಿ ನಿಮ್ಮ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಅದಕ್ಕೂ ಮುಂಚಿನ ತಿಂಗಳಲ್ಲೇ ವೈದ್ಯರನ್ನು ಕಂಡು ಔಷಧಿ ಸರಿಮಾಡಿಕೊಂಡಿರಿ.

ರಜೆಯ ದಿನ ಫೋನ್ ಮಾಡಿದರೂ ಜೊತೆಗೆ ವಾಟ್ಸಾಪ್ ಸಂದೇಶ ಇರಲಿ. "ಕೀಲುಗಳ ಕಾಯಿಲೆ ಕೆರಳಿದ ಕಾರಣ ಈ ದಿನ ಅನಾರೋಗ್ಯ ರಜೆ" ಎಂಬ ಒಂದೇ ಸಾಲು ಸಾಕು. ನಿಮ್ಮ ವೈದ್ಯರಿಂದ ಒಂದು ಪತ್ರವನ್ನೂ ಬರೆಸಿಕೊಳ್ಳಿ. ದೀರ್ಘಕಾಲದ ಕೀಲು ಉರಿಯೂತವಿದೆ, ಆಗಾಗ ಅಲ್ಪಾವಧಿ ರಜೆ ಬೇಕಾಗಬಹುದು, ಗಂಟೆಗೊಮ್ಮೆ ಕೈಗೆ ಐದು ನಿಮಿಷ ವಿರಾಮ ಬೇಕು, ಬಟ್ಟೆಯ ಗಂಟು ಎತ್ತಿಸಬಾರದು ಎಂದು ಅದರಲ್ಲಿರಲಿ. ಬರೀ ಕಾಯಿಲೆಯ ಹೆಸರು ಬರೆದ ಸರ್ಟಿಫಿಕೇಟಿಗಿಂತ ಏನು ಮಾಡಬಲ್ಲಿರಿ, ಏನು ಮಾಡಲಾರಿರಿ ಎಂದು ಬರೆದ ಪತ್ರ ಮಾಲಕರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಕಾನೂನು ನಿಮಗೆ ಕೊಟ್ಟಿರುವುದನ್ನು ನೋಡೋಣ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಅಂಗಡಿಯ ಉದ್ಯೋಗಿಗೆ ವರ್ಷಕ್ಕೆ 12 ದಿನಗಳವರೆಗೆ ಅನಾರೋಗ್ಯ ಅಥವಾ ಬೇರೆ ಸಕಾರಣಕ್ಕೆ ಸಂಬಳಸಹಿತ ರಜೆ ಇದೆ. ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದಂತೆ ಗಳಿಕೆ ರಜೆ ಪ್ರತ್ಯೇಕ. "ನಮ್ಮಲ್ಲಿ ಅದೆಲ್ಲ ಇಲ್ಲ" ಎಂದು ಮಾಲಕರು ಹೇಳಿದರೆ ಅದು ಅವರ ರೂಢಿ, ಕಾನೂನಲ್ಲ.

ಇಎಸ್‌ಐ ಇದಕ್ಕಿಂತ ದೊಡ್ಡ ಆಸರೆ. ನಿಮ್ಮ ಸಂಬಳದ 0.75 ಶೇಕಡಾ, ಅಂದರೆ ತಿಂಗಳಿಗೆ 135 ರೂಪಾಯಿ ಕಡಿತವಾಗುತ್ತದೆ. ಮಾಲಕರು 3.25 ಶೇಕಡಾ ಸೇರಿಸಿ ಕಟ್ಟುತ್ತಾರೆ. ಇದರಲ್ಲಿ ಚಿಕಿತ್ಸೆಯಷ್ಟೇ ಅಲ್ಲ, ಅನಾರೋಗ್ಯ ಭತ್ಯೆಯೂ ಇದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ 70 ಶೇಕಡಾ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ, ವರ್ಷದಲ್ಲಿ ಗರಿಷ್ಠ 91 ದಿನ. ದಿನಗೂಲಿ 600 ರೂಪಾಯಿ ಎಂದು ಹಿಡಿದರೆ ದಿನಕ್ಕೆ 420. ಇದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ ಭತ್ಯೆ. ನಾಲ್ಕು ವರ್ಷದಿಂದ ಬಿಡದೆ ಕಟ್ಟುತ್ತಿರುವ ನಿಮಗೆ ತೊಂದರೆ ಬರುವುದಿಲ್ಲ.

ಒಂದು ನಿಯಮವನ್ನು ಮಾತ್ರ ನೆನಪಿಡಿ. ಪ್ರತಿ ಸಲ ಕಾಯಿಲೆ ಬಿದ್ದಾಗ ಮೊದಲ ಎರಡು ದಿನಕ್ಕೆ ಭತ್ಯೆ ಸಿಗುವುದಿಲ್ಲ. ಹಿಂದಿನ ಸಲ ಭತ್ಯೆ ಪಡೆದು 15 ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಆ ಎರಡು ದಿನಕ್ಕೂ ಸಿಗುತ್ತದೆ. ಅಂಗಡಿಯಿಂದ ಸಂಬಳ ಪಡೆದ ರಜೆಯ ದಿನಕ್ಕೆ ಇಎಸ್‌ಐ ಭತ್ಯೆ ಇಲ್ಲ, ಒಂದೇ ದಿನಕ್ಕೆ ಎರಡೂ ಬರದು. ಹೀಗಿರುವಾಗ ನಿಮ್ಮಂಥವರಿಗೆ ನಾನು ಹೇಳುವ ಲೆಕ್ಕಾಚಾರ ಸರಳ. ಒಂದೆರಡು ದಿನದ ಸಣ್ಣ ಕೆರಳುವಿಕೆಗೆ ಆ 12 ದಿನದ ರಜೆಯನ್ನು ಬಳಸಿ. ನಾಲ್ಕೈದು ದಿನ ದಾಟುವ ಲಕ್ಷಣ ಕಂಡರೆ ಕಾಯದೆ ಮೊದಲ ದಿನವೇ ನಿಮ್ಮ ಇಎಸ್‌ಐ ಚಿಕಿತ್ಸಾಲಯಕ್ಕೋ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಗೋ ಹೋಗಿ ಸರ್ಟಿಫಿಕೇಟ್ ಮಾಡಿಸಿ. ಗುಣವಾದ ಮೇಲೆ ಹೋಗಿ ಹಿಂದಿನ ತಾರೀಖಿಗೆ ಬರೆದುಕೊಡಿ ಎಂದರೆ ಯಾವ ವೈದ್ಯರೂ ಬರೆಯಲಾರರು, ಬರೆಯಲೂಬಾರದು. ಖಾಸಗಿ ತಜ್ಞರ ಬಳಿ ಚಿಕಿತ್ಸೆ ಇದ್ದರೂ ಅವರ ಚೀಟಿ, ವರದಿಗಳನ್ನು ಜೊತೆಗೆ ಒಯ್ಯಿರಿ. ಸಂದೇಹವಿದ್ದರೆ ಇಎಸ್‌ಐಸಿಯ ಉಚಿತ ಸಹಾಯವಾಣಿ 1800-11-2526.

ಇಎಸ್‌ಐನಲ್ಲಿ 34 ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೆ 80 ಶೇಕಡಾ ಭತ್ಯೆ ಕೊಡುವ ವಿಸ್ತರಿತ ಸೌಲಭ್ಯವೂ ಇದೆ. ಕ್ಷಯ, ಕ್ಯಾನ್ಸರ್, ಕಿಡ್ನಿ ವೈಫಲ್ಯ, ಕೆಲವು ಹೃದಯ ಕಾಯಿಲೆಗಳು ಆ ಪಟ್ಟಿಯಲ್ಲಿವೆ. ನಿಮ್ಮ ಕಾಯಿಲೆ ಅದರಲ್ಲಿಲ್ಲ. ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕೈಯನ್ನೇ ನಂಬಿ ದುಡಿಯುವವರ ಕೈಯನ್ನೇ ಕಸಿಯುವ ಕಾಯಿಲೆಯನ್ನು ಹೊರಗಿಟ್ಟದ್ದು ಸರಿಯಲ್ಲ.

ಸಂಬಳ ಏರಿಕೆಯ ಮಾತು ಬಂದಾಗಲೂ ಸ್ವಲ್ಪ ಯೋಚಿಸಿ. ಇಎಸ್‌ಐಗೆ ಸಂಬಳದ ಮಿತಿ 21,000 ರೂಪಾಯಿ, ಅಂಗವೈಕಲ್ಯ ಇರುವವರಿಗೆ 25,000. ವಂತಿಗೆ ಅವಧಿಯ ನಡುವೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ನೀವು ಒಳಗಿರುತ್ತೀರಿ, ಆಮೇಲೆ ಹೊರಗೆ. 21,500 ಕೊಡುತ್ತೇನೆ ಎಂದರೆ ಆರೋಗ್ಯವಂತರು ಕಣ್ಣು ಮುಚ್ಚಿ ಒಪ್ಪಬಹುದು. ನಿಮ್ಮ ಔಷಧಿ, ಪರೀಕ್ಷೆ, ಭತ್ಯೆ ಎಲ್ಲದರ ಬೆಲೆಯನ್ನು ಮಿತಿಯ ಮೇಲೆ ಬರುವ ಆ ಐನೂರರ ಎದುರು ಇಟ್ಟು ನೋಡಿ.

ಕೆಲಸದಿಂದ ತೆಗೆಯಬಹುದೇ? ಇಎಸ್‌ಐ ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಉದ್ಯೋಗಿಯನ್ನು ವಜಾ ಮಾಡುವುದಕ್ಕಾಗಲಿ, ಶಿಕ್ಷಿಸುವುದಕ್ಕಾಗಲಿ ಕಾನೂನು ಬಿಡುವುದಿಲ್ಲ. ಬರೀ ಫೋನಿನಲ್ಲಿ "ಆರಾಮಿಲ್ಲ" ಎಂದು ಮನೆಯಲ್ಲಿ ಉಳಿದ ದಿನಕ್ಕೆ ಈ ರಕ್ಷಣೆ ಇಲ್ಲ, ಸರ್ಟಿಫಿಕೇಟಿನ ಬೆಲೆ ಇಲ್ಲಿದೆ. ಉಳಿದಂತೆ, ಆರು ತಿಂಗಳಿಗೂ ಹೆಚ್ಚು ಕೆಲಸ ಮಾಡಿದ ಅಂಗಡಿ ಉದ್ಯೋಗಿಯನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ಮುಚ್ಚಿಡದೆ ಇನ್ನೊಂದನ್ನೂ ಹೇಳಬೇಕು. ಸತತ ಅನಾರೋಗ್ಯವನ್ನೇ ಕಾರಣವಾಗಿ ಮುಂದಿಡಲು ಮಾಲಕರಿಗೂ ದಾರಿಯಿದೆ. ಆದ್ದರಿಂದಲೇ ಚಿಕಿತ್ಸೆಯಲ್ಲಿದ್ದೀರಿ, ಹತೋಟಿಗೆ ಬರುತ್ತಿದೆ, ಉಳಿದ ದಿನ ಕೆಲಸ ನೆಟ್ಟಗೆ ಮಾಡಿದ್ದೀರಿ ಎಂದು ತೋರಿಸುವ ಕಾಗದಗಳು ನಿಮ್ಮ ಕೈಯಲ್ಲಿರಬೇಕು. ಬಾಯಿಮಾತಿನಲ್ಲಿ "ನಾಳೆಯಿಂದ ಬರಬೇಡಿ" ಎಂದರೆ ಜಗಳವಾಡದೆ ಬರವಣಿಗೆಯಲ್ಲಿ ಕೇಳಿ. ರಾಜೀನಾಮೆ ಪತ್ರಕ್ಕೆ ಸಹಿ ಮಾತ್ರ ಹಾಕಬೇಡಿ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ದೂರು ಕೊಡುವ ಹಕ್ಕು ನಿಮಗಿದೆ.

ಇದೇ ಕಾಯಿಲೆಯಿರುವ ಸರ್ಕಾರಿ ನೌಕರರು, ಶಿಕ್ಷಕರು ಓದುತ್ತಿದ್ದರೆ: ನಿಮಗೆ ವರ್ಷಕ್ಕೆ 20 ದಿನದ ಅರ್ಧವೇತನ ರಜೆ ಜಮೆಯಾಗುತ್ತದೆ, ವೈದ್ಯಕೀಯ ಪ್ರಮಾಣಪತ್ರದ ಮೇಲೆ ಅದನ್ನು ಪರಿವರ್ತಿತ ರಜೆಯಾಗಿ ಪೂರ್ಣವೇತನಕ್ಕೆ ಬದಲಿಸಿಕೊಳ್ಳಬಹುದು, ಆಗ ಒಂದು ದಿನಕ್ಕೆ ಎರಡು ದಿನ ಕಳೆಯುತ್ತದೆ. ಕೀಲುಗಳು ಸೊಟ್ಟಗಾಗಿ ಅಂಗವೈಕಲ್ಯ 40 ಶೇಕಡಾ ಮುಟ್ಟಿದವರು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಲಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವುದಾಗಲಿ, ಹುದ್ದೆ ಇಳಿಸುವುದಾಗಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿಷಿದ್ಧ. ಕಪನೂರಿನ ಬ್ಯಾಳಿ ಮಿಲ್ಲುಗಳಲ್ಲಿ, ಅಡತಿ ಅಂಗಡಿಗಳಲ್ಲಿ ದಿನಗೂಲಿಗೆ ಚೀಲ ಹೊರುವವರಿಗೆ, ತೊಗರಿ ಹಸನು ಮಾಡುವ ಹೆಣ್ಣುಮಕ್ಕಳಿಗೆ ಈ ಯಾವ ಮಾತೂ ತಲುಪುವುದಿಲ್ಲ ಎಂಬುದು ನನಗೆ ಸಂಕಟದ ವಿಷಯ. ಅಂಥವರು ಯಾರಾದರೂ ನಿಮಗೆ ಗೊತ್ತಿದ್ದರೆ, ಅವರ ಮಿಲ್ಲಿನಲ್ಲಿ ಹತ್ತು ಅಥವಾ ಹೆಚ್ಚು ಜನ ದುಡಿಯುತ್ತಿದ್ದಾರೆಯೇ, ಇಎಸ್‌ಐ ನೋಂದಣಿ ಆಗಿದೆಯೇ ಎಂದು ಕೇಳಿಸಿ. ದಿನಗೂಲಿಯವರೂ ಅದಕ್ಕೆ ಅರ್ಹರು.

ರಜೆ ಹಾಕಿ ಮನೆಯಲ್ಲಿ ಕೂರಬಾರದ, ನೇರ ಆಸ್ಪತ್ರೆಗೇ ಓಡಬೇಕಾದ ದಿನಗಳೂ ಇವೆ. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಚಳಿಜ್ವರ, ಬಾಯಿತುಂಬ ಹುಣ್ಣು, ಒಣ ಕೆಮ್ಮಿನ ಜೊತೆ ಏದುಸಿರು, ಕಪ್ಪು ಮಲ, ಅಥವಾ ಒಂದೇ ಕೀಲು ಕೆಂಪಾಗಿ ಸುಡುವಂತೆ ಊದಿ ಜ್ವರ ಬಂದರೆ ಅದನ್ನು ಎಂದಿನ ಕೆರಳುವಿಕೆ ಎಂದು ತಿಳಿಯಬೇಡಿ.

ಕೊನೆಯದಾಗಿ, ಕೆಲಸ ಬಿಡಲೇ ಎಂದಿರಿ. ಈಗ ಬಿಡಬೇಡಿ. ಬಿಟ್ಟರೆ ಸಂಬಳದ ಜೊತೆ ಇಎಸ್‌ಐ ಚಿಕಿತ್ಸೆಯೂ ಹೋಗುತ್ತದೆ, ಮನೆಗೆಲಸ ಮಾತ್ರ ಇಮ್ಮಡಿಯಾಗುತ್ತದೆ. ಸೋತು ಮಲಗಿದ ವಾರದಲ್ಲಿ ಇಂಥ ನಿರ್ಧಾರ ಮಾಡಲೇಬಾರದು. ಮೂರು ತಿಂಗಳು ಹೊಸ ಕ್ರಮದಲ್ಲಿ ನಡೆದು ನೋಡಿ. ತಜ್ಞರನ್ನು ಕಂಡು ಔಷಧಿ ಬದಲಿಸಬೇಕೇ ಎಂದು ಕೇಳುವುದು ಮೊದಲ ಕೆಲಸ, ಮಾಲಕರ ಜೊತೆ ಮಾತು ಅದರ ನಂತರ. ಅಷ್ಟೆಲ್ಲ ಆದ ಮೇಲೂ ಕೈ ಕೂಡಿ ಬರದಿದ್ದರೆ ಅದೇ ಅಂಗಡಿಯಲ್ಲಿ ಅರ್ಧ ದಿನದ ಕೆಲಸ, ಅಥವಾ ಮನೆಯಿಂದಲೇ ಎರಡು ಮೂರು ಅಂಗಡಿಗಳ ಲೆಕ್ಕ ನೋಡುವ ದಾರಿ ಹುಡುಕೋಣ. ಲೆಕ್ಕ ಬಲ್ಲವರಿಗೆ ಕಲಬುರಗಿಯಂಥ ವ್ಯಾಪಾರದ ಊರಲ್ಲಿ ಅದು ಸಿಗದ ಕೆಲಸವೇನಲ್ಲ. ಮುಂದಿನ ಭೇಟಿಗೆ ಹೋಗುವಾಗ ಆ ನೋಟ್‌ಬುಕ್ ಮರೆಯದೆ ಒಯ್ಯಿರಿ, ಮತ್ತು ಏಳೆಂಟು ದಿನ ಮಲಗಿದ ವಾರಗಳು ಕಳೆದ ಆರು ತಿಂಗಳಲ್ಲಿ ಎಷ್ಟಿದ್ದವು ಎಂದು ಬಾಗಿಲೊಳಗೆ ಹೋದ ಕೂಡಲೇ ಹೇಳಿ.